ಬೇರೆಯವರ ರಿಪೇರಿಯನ್ನೂ ನಕಲು ಮಾಡಿದ್ದೆ

ನಾನೇ ಮಾಡಿದ ಗಿಟಾರಿನಲ್ಲಿ ಆರನೇ ತಂತಿ ಶ್ರುತಿಗೆ ಬಂದರೆ ಮೂರನೆಯದು ಬರುತ್ತಿರಲಿಲ್ಲ. ಮೂರನೆಯದನ್ನು ಸರಿ ಮಾಡಿದರೆ ಆರನೆಯದು ಇನ್ನೂ ಮೇಲೆ ಹೋಗಿ ಕೂರುತ್ತಿತ್ತು. ಮೂರು ವಾರ ರಾತ್ರಿ ಊಟ ಮುಗಿಸಿ ಗ್ಯಾರೇಜಿಗೆ ಹೋಗಿ ಇದೇ ಕೆಲಸ. ಒಂದು ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಅದು ಹಾಡೋದಕ್ಕಿಂತ ನೀವು ಬೈಯೋದೇ ಜಾಸ್ತಿ ಕೇಳಿಸ್ತಿದೆ" ಅಂದಳು.

ನಾನು ಸಂಗೀತಗಾರ ಅಲ್ಲ, ಯಂತ್ರದ ಪಾರ್ಟ್ ಮಾಡುವ ಟೂಲ್‌ರೂಮ್ ಮನುಷ್ಯ. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಕಲಿತೆ. ಈಗ ಟೆಕ್ಸಾಸ್‌ನ ಡಾಲಸ್ ಪಕ್ಕ ಇದ್ದೇನೆ. ಇಲ್ಲಿಗೆ ಬಂದ ಮೇಲೆ ಪೆಡಲ್ ಸ್ಟೀಲ್ ಗಿಟಾರ್‌ನ ಹುಚ್ಚು ಹಿಡಿಯಿತು. ಅಮೆರಿಕದ ಕಂಟ್ರಿ ಹಾಡುಗಳಲ್ಲಿ ಹಿಂದೆ ಅಳುವ ಹಾಗೆ ಜಾರುವ ದನಿ ಕೇಳಿಸುತ್ತಲ್ಲ, ಅದೇ ಇದು. ನಮ್ಮ ಗೋಟುವಾದ್ಯ ನೋಡಿದವರಿಗೆ ಅರ್ಧ ಗೊತ್ತಿದ್ದ ಹಾಗೆ. ತಂತಿಗಳ ಮೇಲೆ ಒಂದು ತುಂಡು ಜಾರಿಸಿ ನುಡಿಸುವುದು. ಇಲ್ಲಿ ಆ ತುಂಡು ದುಂಡನೆಯ ಉಕ್ಕಿನದು. ಮಿಕ್ಕರ್ಧ ಇರುವುದು ಕೆಳಗೆ. ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ನಿಂತಿರುತ್ತದೆ, ಹತ್ತು ತಂತಿ, ಕಾಲಿಗೆ ಪೆಡಲ್, ಮೊಣಕಾಲಿಗೆ ಲಿವರ್. ಉಕ್ಕಿನ ತುಂಡು ಜಾರಿಸಿದರೆ ಎಲ್ಲ ತಂತಿಯೂ ಒಟ್ಟಿಗೆ ಜಾರುತ್ತದೆ. ಪೆಡಲ್ ತುಳಿದರೆ ಒಂದೆರಡು ತಂತಿ ಮಾತ್ರ ಏರುತ್ತದೆ, ಉಳಿದವು ಅಲ್ಲೇ ಇರುತ್ತವೆ. ಆ ದನಿಯ ಗುಟ್ಟೆಲ್ಲ ಅದರಲ್ಲೇ ಇದೆ.

ಗಿಟಾರನ್ನು ತಲೆಕೆಳಗು ಮಾಡಿ ನೋಡಿದ ದಿನವೇ ನಾನು ಬಿದ್ದೆ. ಅಡಿಯಲ್ಲಿ ರಾಡ್‌ಗಳು, ಅಡ್ಡ ಶಾಫ್ಟ್‌ಗಳು, ಶಾಫ್ಟ್ ತಿರುಗಿದಾಗ ರಾಡ್ ಎಳೆಯುವ ಸಣ್ಣ ತೋಳುಗಳಾದ ಬೆಲ್ ಕ್ರ್ಯಾಂಕ್‌ಗಳು, ಸ್ಪ್ರಿಂಗ್‌ಗಳು. ಯಾವುದೋ ಹಳೇ ಮಗ್ಗವನ್ನು ಮಡಚಿ ಪೆಟ್ಟಿಗೆಗೆ ಹಾಕಿದ ಹಾಗಿತ್ತು. ಇದನ್ನು ನಾನೂ ಮಾಡಬಲ್ಲೆ ಅನ್ನಿಸಿತು. ಟೂಲ್‌ರೂಮ್‌ನವರಿಗೆಲ್ಲ ಬರುವ ಕಾಯಿಲೆ ಇದು.

ನನಗೆ ಬೇಕಿದ್ದದ್ದು ಎಮನ್ಸ್ ಪುಶ್-ಪುಲ್. ಬಡ್ಡಿ ಎಮನ್ಸ್ ಅನ್ನೋರು ಈ ವಾದ್ಯದ ದೊಡ್ಡ ಹೆಸರು. 1950ರ ದಶಕದಲ್ಲಿ ನ್ಯಾಶ್‌ವಿಲ್‌ನಲ್ಲಿ ಶಾಟ್ ಜಾಕ್ಸನ್ ಜೊತೆ ಸೇರಿ ಶೋ-ಬಡ್ ಗಿಟಾರ್ ಶುರು ಮಾಡಿದರು. 1960ರ ದಶಕದ ಮೊದಲಲ್ಲಿ ಅದನ್ನು ಬಿಟ್ಟು, ನಾರ್ತ್ ಕ್ಯಾರೊಲೈನಾದ ಬರ್ಲಿಂಗ್ಟನ್‌ನಲ್ಲಿ ರಾನ್ ಲ್ಯಾಶ್ಲಿ ಜೊತೆ ತಮ್ಮ ಹೆಸರಿನ ಕಂಪನಿ ಮಾಡಿದರು. ಈಗಿನ ಬಹುತೇಕ ಗಿಟಾರ್‌ಗಳು ಆಲ್-ಪುಲ್. ತಂತಿಯ ತುದಿ ಕೂರುವ ಫಿಂಗರ್ ಎರಡು ತುಂಡಿನದು, ಕತ್ತರಿಯ ಹಾಗೆ ಜೋಡಿಸಿರುತ್ತಾರೆ. ಏರಿಸುವುದಕ್ಕೂ ಇಳಿಸುವುದಕ್ಕೂ ಎಳೆಯುವುದೇ. ಪುಶ್-ಪುಲ್‌ನಲ್ಲಿ ಫಿಂಗರ್ ಒಂದೇ ತುಂಡು. ಏರಿಸಲು ರಾಡ್ ಎಳೆಯುತ್ತದೆ, ಇಳಿಸಲು ತಳ್ಳುತ್ತದೆ. ಹೊಂದಿಸುವುದು ಮಹಾ ರಗಳೆ. ಆದರೆ ಒಮ್ಮೆ ಹೊಂದಿತು ಅಂದರೆ ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ದನಿಗೆ ಒಂದು ಗಟ್ಟಿತನ ಇರುತ್ತದೆ, ಅದಕ್ಕೇ ಜನ ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ.

ಹಳೇದನ್ನು ಕೊಳ್ಳಲು ದುಡ್ಡಿರಲಿಲ್ಲ. ಇಲ್ಲಿನ ಚರ್ಚೊಂದರಲ್ಲಿ ನುಡಿಸುವ ವಯಸ್ಸಾದ ಒಬ್ಬರ ಹತ್ತಿರ ಒಂದಿತ್ತು. ಅವರ ಟ್ರಕ್ಕಿನ ಒಂದು ಪಾರ್ಟ್ ನಾನು ಲೇತಿನಲ್ಲಿ ಮಾಡಿಕೊಟ್ಟಿದ್ದೆ. ಆ ಋಣಕ್ಕೆ ಎರಡು ತಿಂಗಳು ಗಿಟಾರ್ ನನ್ನ ಮನೆಯಲ್ಲಿ ಬಿಟ್ಟರು. "ಬಿಚ್ಚು, ಅಳೆ, ಆದರೆ ಸ್ಕ್ರೂಗಳನ್ನು ಬೆರೆಸಬೇಡ" ಅಂದರು. ಮೊಟ್ಟೆಯ ಟ್ರೇ ತಂದು, ಪ್ರತಿ ಗುಳಿಗೂ ನಂಬರ್ ಬರೆದು ಬಿಚ್ಚಿದೆ.

ಪೀಣ್ಯದಲ್ಲಿ ಇದು ದಿನದ ಕೆಲಸ. ಡ್ರಾಯಿಂಗ್ ಇರುವುದಿಲ್ಲ. ಸವೆದ ಪಾರ್ಟ್ ಒಂದನ್ನು ಪೇಪರಲ್ಲಿ ಸುತ್ತಿಕೊಂಡು ಬಂದು "ಇದೇ ಥರ ಹತ್ತು ಬೇಕು" ಅನ್ನುತ್ತಾರೆ. ನಮ್ಮ ಫೋರ್‌ಮನ್ ಮೊದಲ ದಿನವೇ ಹೇಳಿದ್ದರು: ಸ್ಯಾಂಪಲ್ ಅಳೆಯುವಾಗ ಸವೆದ ಜಾಗದಲ್ಲಿ ವರ್ನಿಯರ್ ಇಡಬೇಡ, ಇಟ್ಟರೆ ಸವೆತವನ್ನೂ ಹೊಸದಾಗಿ ಮಾಡಿಕೊಟ್ಟ ಹಾಗಾಗುತ್ತೆ. ಆ ಮಾತು ನೆನಪಿತ್ತು. ಫಿಂಗರ್‌ಗಳ ತಲೆಯ ಮೇಲೆ ತಂತಿ ಕೊರೆದ ಗೀರು ಬಿಟ್ಟು ಪಕ್ಕದಲ್ಲಿ ಅಳೆದೆ. ಫಿಂಗರ್‌ಗಳು ತಿರುಗುವ ಆ್ಯಕ್ಸಲ್‌ನ ವ್ಯಾಸವನ್ನು ಫಿಂಗರ್ ಕೂರದ ತುದಿಯಲ್ಲಿ ಅಳೆದೆ. ಅಡಿಯ ಕ್ರ್ಯಾಂಕ್‌ಗಳನ್ನಂತೂ ಒಂದೊಂದಾಗಿ ಅಳೆದು, ಯಾವ ತಂತಿಯದು ಯಾವ ತೂತು ಎಂದು ಪಟ್ಟಿ ಮಾಡಿದೆ. ಒಂದರಂತೆ ಒಂದಿಲ್ಲ ಅಂತ ಗೊತ್ತಾದಾಗ, ಆಹಾ ಎಂಥ ಬುದ್ಧಿ ಅಂದುಕೊಂಡೆ.

ಮೊದಲ ಎಡವಟ್ಟು ಮಾತ್ರ ಪೂರಾ ನನ್ನದೇ. ಪುಶ್-ಪುಲ್‌ನ ತಂತಿಯ ಉದ್ದ 24.25 ಇಂಚು. ಈಗಿನವು ಕೆಲವು 24 ಇಂಚು. ಗೆರೆ ಹಾಕಿದ ಫ್ರೆಟ್‌ಬೋರ್ಡ್ ಪಟ್ಟಿಯನ್ನು ಮಾಡುವುದು ಯಾಕೆ, ಸಿಗುತ್ತದಲ್ಲ ಅಂತ ತರಿಸಿ ಅಂಟಿಸಿದೆ. ಅದು 24 ಇಂಚಿನದು. ಈ ವಾದ್ಯದಲ್ಲಿ ಗೆರೆ ಇರುವುದು ಕಣ್ಣಿಗೆ ಮಾತ್ರ, ತಂತಿಗೆ ತಾಗುವುದಿಲ್ಲ. ಆದರೆ ಹನ್ನೆರಡನೇ ಗೆರೆಗೆ ಬರುವಷ್ಟರಲ್ಲಿ 3 ಮಿಲಿಮೀಟರ್ ತಪ್ಪು. ಕಿವಿಗೆ ಅದು ಸುಮಾರು 18 ಸೆಂಟ್. ಅರ್ಧ ಸ್ವರಕ್ಕೆ 100 ಸೆಂಟ್ ಲೆಕ್ಕ. ಯಾರಿಗಾದರೂ ಕೇಳಿಸುತ್ತದೆ. ಹೀಟ್ ಗನ್ ಹಿಡಿದು ಕಿತ್ತೆ.

ಎರಡನೆಯದು ಜಾಣತನದ ತಪ್ಪು. ಪೆಡಲ್ ತುಳಿದಾಗ ಫಿಂಗರ್ ತಿರುಗಿ, ಸ್ಟಾಪ್ ಸ್ಕ್ರೂಗೆ ಹೋಗಿ ತಾಗುತ್ತದೆ. ಲೋಹಕ್ಕೆ ಲೋಹ. ಹತ್ತಿರ ಕೂತರೆ ಟಕ್ ಅಂತ ಸಣ್ಣ ಸದ್ದು ಬರುತ್ತದೆ. ಹಳೇ ಕಾಲದವರು ಇದನ್ನು ಯೋಚಿಸಿಲ್ಲ ಅಂದುಕೊಂಡು ನನ್ನ ಸ್ಕ್ರೂಗಳ ತುದಿಗೆ ನೈಲಾನ್ ಹಾಕಿದೆ. ಸದ್ದು ಹೋಯಿತು. ಜೊತೆಗೆ ಶ್ರುತಿಯೂ ಹೋಯಿತು. ಮೆತ್ತಗೆ ತುಳಿದರೆ ಒಂದು ಸ್ವರ, ಒತ್ತಿ ತುಳಿದರೆ ಅದಕ್ಕಿಂತ ಎರಡು ಮೂರು ಸೆಂಟ್ ಮೇಲೆ. ನೈಲಾನ್ ಒತ್ತಡಕ್ಕೆ ಅಮುಕುತ್ತದೆ, ಅಷ್ಟೇ ವಿಷಯ. ಪುಶ್-ಪುಲ್ ಅಂದರೆ ಆ ಗಟ್ಟಿ ತಡೆಯೇ. ಕಾಲಿಗೆ ಗೋಡೆ ಸಿಕ್ಕ ಹಾಗೆ ಸಿಗಬೇಕು. ನಾನು ಗೋಡೆಗೆ ದಿಂಬು ಕಟ್ಟಿದ್ದೆ.

ಇನ್ನು ಆ ಆರನೇ ತಂತಿ.

ಈ ವಾದ್ಯದ ಇ-ನೈನ್ ಅನ್ನುವ ಶ್ರುತಿಯಲ್ಲಿ ಬಿ ಪೆಡಲ್ ತುಳಿದರೆ ಮೂರನೇ ಮತ್ತು ಆರನೇ ತಂತಿ, ಎರಡೂ ಜಿ ಶಾರ್ಪ್‌ನಿಂದ ಎ ಸ್ವರಕ್ಕೆ ಏರಬೇಕು, ಒಟ್ಟಿಗೆ. ಎರಡಕ್ಕೂ ಒಂದೇ ಶಾಫ್ಟ್. ಶಾಫ್ಟ್ ಮೇಲೆ ಎರಡು ಕ್ರ್ಯಾಂಕ್, ಪ್ರತಿಯೊಂದರಲ್ಲೂ ರಾಡ್ ಸಿಕ್ಕಿಸಲು ತೂತು. ತೂತು ಶಾಫ್ಟಿನಿಂದ ದೂರ ಇದ್ದಷ್ಟೂ ರಾಡ್ ಜಾಸ್ತಿ ಸರಿಯುತ್ತದೆ. ಮೂರನೇ ತಂತಿಯ ಸ್ವರ ಮೇಲಿನದು, ಅದನ್ನು ಜಾಸ್ತಿ ಎಳೆಯಬೇಕು. ಆರನೆಯದಕ್ಕೆ ಅದಕ್ಕಿಂತ ಕಡಿಮೆ ಎಳೆತ ಸಾಕು. ಹಾಗಾಗಿ ತೂತುಗಳು ಬೇರೆ ಬೇರೆ ಎತ್ತರದಲ್ಲಿ ಇರುವುದು ಸರಿಯೇ. ಆದರೆ ನನ್ನ ಗಿಟಾರ್‌ನಲ್ಲಿ ಆರನೇ ತಂತಿ ಬೇಗ ಓಡಿ ಹೋಗಿ ಸ್ಟಾಪ್‌ಗೆ ಬಡಿಯುತ್ತಿತ್ತು. ಅದು ಬಡಿದ ಮೇಲೆ ಶಾಫ್ಟ್ ಮುಂದೆ ತಿರುಗುವುದಿಲ್ಲ. ಮೂರನೇ ತಂತಿ ಅರ್ಧ ದಾರಿಯಲ್ಲೇ ನಿಂತು ಹೋಗುತ್ತಿತ್ತು, ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದವನ ಹಾಗೆ.

ಅಳತೆ ಪುನಃ ಪುನಃ ನೋಡಿದೆ. ಹಳೇ ಗಿಟಾರಿಗೂ ನನ್ನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅದು ಸರಿಯಾಗಿ ನುಡಿಯುತ್ತದೆ, ಇದು ನುಡಿಯುವುದಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಗ್ಯಾರೇಜಿನ ಬಾಗಿಲು ತೆರೆದು ಬಿಸಿಲು ಒಳಗೆ ಬಿದ್ದಾಗ, ಹಳೇ ಗಿಟಾರ್‌ನ ಆ ಕ್ರ್ಯಾಂಕನ್ನು ಬಿಚ್ಚಿ ಓರೆ ಹಿಡಿದೆ. ತೂತಿನ ಕೆಳಗೆ ಒಂದು ಮಸುಕು ವೃತ್ತ ಕಾಣಿಸಿತು. ಭೂತಗನ್ನಡಿ ಇಟ್ಟು ನೋಡಿದರೆ, ಅಲ್ಲಿ ಮೊದಲು ತೂತು ಇತ್ತು. ಯಾರೋ ಅಲ್ಯೂಮಿನಿಯಂ ತುಂಡು ಬಡಿದು ಮುಚ್ಚಿ, ನಯವಾಗಿ ಅರ ಹಾಕಿ, ಒಂದೂವರೆ ಮಿಲಿಮೀಟರ್ ಮೇಲೆ ಹೊಸ ತೂತು ಕೊರೆದಿದ್ದರು. ಒಳ್ಳೇ ಕೈಕೆಲಸ. ಅದಕ್ಕೇ ನನಗೆ ಕಾಣಿಸಿರಲಿಲ್ಲ.

ಗಿಟಾರ್ ಕೊಟ್ಟವರಿಗೆ ಫೋನ್ ಮಾಡಿದೆ. ಅವರು ನಕ್ಕರು. ಎಷ್ಟೋ ವರ್ಷದ ಹಿಂದೆ ಅವರು ಆರನೇ ತಂತಿಗೆ ಸುತ್ತು ಹಾಕಿದ ತಂತಿ ಬಳಸಲು ಶುರು ಮಾಡಿದ್ದರಂತೆ. ಆ ಥರದ ತಂತಿಯಲ್ಲಿ ಒಳಗಿನ ಎಳೆ ತೆಳು, ಎಳೆತ ಹೊರುವುದು ಅದು ಮಾತ್ರ. ಅಷ್ಟೇ ಸ್ವರ ಏರಲು ಜಾಸ್ತಿ ಎಳೆಯಬೇಕು. ಅದಕ್ಕೆ ಯಾರ ಹತ್ತಿರವೋ ತೂತು ಮೇಲೆ ಮಾಡಿಸಿಕೊಂಡಿದ್ದರು. ನಾನು ನನ್ನ ಗಿಟಾರಿಗೆ ಹಾಕಿದ್ದು ಅಂಗಡಿಯ ಪ್ಯಾಕೆಟ್ಟಿನಲ್ಲಿ ಬಂದ ಸಾದಾ ತಂತಿ, 0.020 ಇಂಚಿನದು. ಸವೆತವನ್ನು ನಕಲು ಮಾಡಬಾರದು ಅಂತ ಗೊತ್ತಿದ್ದವನು ಬೇರೆ ಯಾರದೋ ರಿಪೇರಿಯನ್ನು ಭಕ್ತಿಯಿಂದ ನಕಲು ಮಾಡಿದ್ದೆ. ಎಮನ್ಸ್ ಕಾರ್ಖಾನೆಗೂ ಆ ತೂತಿಗೂ ಸಂಬಂಧವೇ ಇರಲಿಲ್ಲ.

ನನ್ನ ಗಿಟಾರಿನ ಅದೇ ಕ್ರ್ಯಾಂಕಿನಲ್ಲಿ ಕೆಳಗೆ ಇನ್ನೊಂದು ತೂತು ಕೊರೆದೆ. ಹತ್ತು ನಿಮಿಷದ ಕೆಲಸ. ಮೂರನೆಯದು ಆರನೆಯದು ಎರಡೂ ಒಟ್ಟಿಗೆ ಏರಿ, ಒಟ್ಟಿಗೆ ನಿಂತವು. ಮೇಲಿನ ತೂತು ಮುಚ್ಚಲಿಲ್ಲ. ಸೋಮಾರಿತನ.

ಇದಾದ ಮೇಲೆ ಅಸಲಿ ಅನ್ನುವ ಮಾತಿನ ಮೇಲೇ ನನಗೆ ಸ್ವಲ್ಪ ಅನುಮಾನ ಬಂತು. ಎಮನ್ಸ್ ಪುಶ್-ಪುಲ್ ಅಂತ ಒಂದೇ ಗಿಟಾರ್ ಇಲ್ಲ. ರಾಪ್‌ಅರೌಂಡ್, ಬೋಲ್ಟ್-ಆನ್, ಕಟ್-ಟೇಲ್ ಅಂತ ಬೇರೆ ಬೇರೆ ಕಟ್ಟುಗಳು. ಇದರ ದನಿಯೇ ದನಿ, ಅದು ಸುಮ್ನೆ ಅಂತ ಜಗಳ ಆಡುವವರಿದ್ದಾರೆ. ಒಂದೇ ಕಟ್ಟಿನವೂ ಅರ್ಧ ಶತಮಾನದಲ್ಲಿ ಹತ್ತಾರು ಕೈ ದಾಟಿ ಬಂದಿರುತ್ತವೆ. ಸ್ಪ್ರಿಂಗ್ ಬದಲಾಗಿರುತ್ತದೆ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಪಿಕಪ್‌ಗೆ ಮತ್ತೆ ತಂತಿ ಸುತ್ತಿಸಿರುತ್ತಾರೆ, ಮೊಣಕಾಲಿಗೆ ಹೊಸ ಲಿವರ್ ಸೇರಿರುತ್ತದೆ. ಕಾರ್ಖಾನೆಯಿಂದ ಹೊರಟಂತೆ ಇರುವುದು ಎಲ್ಲೋ ಒಂದು.

ಹಿಂದಕ್ಕೆ ಹೋದರೆ ಇನ್ನೂ ಮಜಾ. ಎಮನ್ಸ್ ಅವರೇ ಮೊದಲು ನುಡಿಸುತ್ತಿದ್ದದ್ದು ಬಿಗ್ಸ್‌ಬಿ ಸ್ಟೀಲ್. ಪಾಲ್ ಬಿಗ್ಸ್‌ಬಿ ಕ್ಯಾಲಿಫೋರ್ನಿಯಾದ ಡೌನಿ ಊರಿನವರು, ಮೋಟಾರ್‌ಸೈಕಲ್ ರೇಸ್ ಓಡಿಸುತ್ತಿದ್ದ ಮೆಷಿನ್‌ಶಾಪ್ ಮನುಷ್ಯ. ನಮ್ಮ ಜಾತಿ ಅಂತ ನನಗೆ ಖುಷಿ. 1948ರಲ್ಲಿ ಸ್ಟೀಲ್ ನುಡಿಸುವ ಸ್ಪೀಡಿ ವೆಸ್ಟ್‌ಗೆ ಪೆಡಲ್ ಸ್ಟೀಲ್ ಮಾಡಿಕೊಟ್ಟರು. ಅದೇ ವರ್ಷ ಕಂಟ್ರಿ ಗಾಯಕ ಮರ್ಲ್ ಟ್ರಾವಿಸ್‌ಗೆ ಒಂದು ಗಿಟಾರ್ ಮಾಡಿದರು, ಆರೂ ಬಿರಡೆ ಒಂದೇ ಪಕ್ಕ. ಆಮೇಲೆ ಬಂದ ಫೆಂಡರ್ ಕಂಪನಿಯ ಗಿಟಾರ್‌ಗಳ ತಲೆ ಅದರ ಹಾಗೇ ಇದೆ ಅಂತ ಇವತ್ತಿಗೂ ವಾದ ಮಾಡುತ್ತಾರೆ. ಆದರೆ ಬಿರಡೆಗಳನ್ನು ಒಂದೇ ಪಕ್ಕ ಇಡುವುದು 19ನೇ ಶತಮಾನದ ವಿಯೆನ್ನಾದಲ್ಲೇ ಇತ್ತು, ಸ್ಟೌಫರ್ ಗಿಟಾರ್‌ಗಳಲ್ಲಿ. ಯಾರು ಯಾರದ್ದನ್ನು ಕದ್ದರು ಅಂತ ಹೇಳುವುದು ಹೇಗೆ? ಬಿಗ್ಸ್‌ಬಿಗಿಂತ ಮೊದಲೇ ಗಿಬ್ಸನ್‌ನವರ ಎಲೆಕ್ಟ್ರಾಹಾರ್ಪ್‌ಗೆ ಪೆಡಲ್ ಇತ್ತು.

ಹಾಗಂತ ಎಲ್ಲ ನಕಲೂ ಒಂದೇ ಅನ್ನುವವನು ನಾನಲ್ಲ. ಡಾಲಸ್‌ನಲ್ಲಿ ವರ್ಷಕ್ಕೊಮ್ಮೆ ಸ್ಟೀಲ್ ಗಿಟಾರ್‌ನವರ ಜಾತ್ರೆ ನಡೆಯುತ್ತದೆ. ಅಲ್ಲಿಗೆ ನನ್ನದನ್ನು ಒಯ್ದಿದ್ದೆ. ಒಬ್ಬರು ಹದಿನೈದು ನಿಮಿಷ ನುಡಿಸಿ, ಬೆಲೆ ಕೇಳಿದರು. ಮಾರುವುದಿಲ್ಲ ಅಂದೆ. ಆಮೇಲೆ ಮೆಲ್ಲಗೆ, ಮುಂದಿನ ಹಲಗೆಗೆ ಹಳೇ ಕಂಪನಿಯ ಹೆಸರಿನ ಅಕ್ಷರ ಅಂಟಿಸಿ ಇನ್ನೊಂದು ಮಾಡಿಕೊಟ್ಟರೆ ಎಂಟುನೂರು ಡಾಲರ್ ಜಾಸ್ತಿ ಕೊಡುತ್ತೇನೆ ಅಂದರು. ಕೆಲಸ ನಿಂತಿದ್ದ ತಿಂಗಳು ಅದು. ಮನಸ್ಸು ಆಡಲಿಲ್ಲ ಅಂದರೆ ಸುಳ್ಳು. ಆದರೆ ಅಳತೆ ತೆಗೆದುಕೊಳ್ಳುವುದು ಬೇರೆ, ಹೆಸರು ತೆಗೆದುಕೊಳ್ಳುವುದು ಬೇರೆ. ಆ ಗಿಟಾರ್ ಕೈ ಬದಲಾಗಿ ಎರಡನೆಯವನ ಹತ್ತಿರ ಹೋದಾಗ ಅವನಿಗೆ ಮೋಸವೇ ಅಲ್ವಾ? ಆಗಲ್ಲ ಅಂದೆ. ಅವರು ಬೇಜಾರಾಗದೆ ಕಾಫಿ ಕುಡಿಸಿದರು, ಅದೂ ನಿಜ.

ದನಿ ಹೇಗಿದೆ ಅಂತ ಕೇಳುತ್ತೀರಿ. ಗಿಟಾರ್ ಕೊಟ್ಟ ಹಿರಿಯರ ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿದೆವು. ಹತ್ತು ತಂತಿಯ ಒಟ್ಟು ಎಳೆತ 120 ಕೆ.ಜಿ.ಗೂ ಜಾಸ್ತಿ. ಎರಡು ಪೆಡಲ್ ಒಟ್ಟಿಗೆ ತುಳಿದರೆ ನಾಲ್ಕು ತಂತಿ ಇನ್ನೂ ಬಿಗಿಯಾಗಿ, ಮರದ ಪೆಟ್ಟಿಗೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಪೆಡಲ್ ಮುಟ್ಟದ ತಂತಿಗಳು ಸ್ವಲ್ಪ ಇಳಿಯುತ್ತವೆ. ನಾಲ್ಕನೇ ತಂತಿಯಲ್ಲಿ ನೋಡಿದೆವು. ಅವರದು 4 ಸೆಂಟ್ ಇಳಿಯಿತು, ನನ್ನದು 7. ನಾನು ಅವರದಕ್ಕಿಂತ ದಪ್ಪ ಮೇಪಲ್ ಹಲಗೆ ಹಾಕಿದ್ದೆ, ಗಟ್ಟಿ ಇರಲಿ ಅಂತ. ಆದರೂ ಇಳಿತ ಜಾಸ್ತಿ. ಫಿಂಗರ್‌ಗಳೆಲ್ಲ ಇರುವ ಚೇಂಜರ್ ಕೂರುವ ಕಡೆ ನನ್ನ ಜೋಡಣೆ ಸಡಿಲ ಅಂತ ನನ್ನ ಅಂದಾಜು. ಪಿಕಪ್ ನಾನೇ ಸುತ್ತಿದ್ದು. ಮೀಟರಿನಲ್ಲಿ ಅವರದೂ ನನ್ನದೂ 18 ಕಿಲೋಓಮ್ ಆಸುಪಾಸು ತೋರಿಸುತ್ತದೆ. ಆದರೂ ನನ್ನದು ಮೇಲಿನ ತಂತಿಗಳಲ್ಲಿ ಸ್ವಲ್ಪ ಚುರುಕು. ಅವರಿಗೆ ಅದು ಇಷ್ಟವಾಯಿತು. ನನಗೆ ಅವರದೇ ಇಷ್ಟ.

ಹೋದ ತಿಂಗಳು ಒಕ್ಲಹೋಮದಿಂದ ಒಬ್ಬ ಹುಡುಗ ಬಂದಿದ್ದ. ಪುಶ್-ಪುಲ್ ಮಾಡಬೇಕಂತೆ, ಅಸಲಿ ಸಿಗಲಿಲ್ಲ, ನನ್ನದನ್ನು ಅಳೆದುಕೊಳ್ಳಲಾ ಅಂದ. ತಲೆಕೆಳಗು ಮಾಡಿ ಕೊಟ್ಟೆ, ಮೊಟ್ಟೆಯ ಟ್ರೇಯನ್ನೂ ಕೊಟ್ಟೆ. ನಾನು ಒಳಗೆ ಹೋಗಿ ಅವನಿಗೆ ಉಪ್ಪಿಟ್ಟು, ಕಾಫಿ ತರುವಷ್ಟರಲ್ಲಿ ಆರನೇ ತಂತಿಯ ಕ್ರ್ಯಾಂಕ್ ಅವನ ಕೈಯಲ್ಲಿತ್ತು. ಎರಡು ತೂತಿನ ಫೋಟೋ ತೆಗೆದು, ಎರಡನ್ನೂ ವರ್ನಿಯರ್‌ನಲ್ಲಿ ಅಳೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಬಾಯಿ ತೆರೆಯುವ ಮೊದಲೇ ಅವನೇ ಕೇಳಿದ: "ಸರ್, ಈ ಮೇಲಿನ ತೂತು ದನಿಗಾ?"