ಜುಹುವಿನಿಂದ ಜಕ್ಕೂರಿಗೆ: ಪುಟ್ಟ ವಿಮಾನವನ್ನು ನಡುವೆ ಎಲ್ಲಿ ಇಳಿಸಬೇಕು?

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು, ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಹಾರಿ ಬಂದು ಮುಂಬೈಯ ಜುಹುವಿನಲ್ಲಿ ಇಳಿದರು. ದಾರಿಯಲ್ಲಿ ಅಹಮದಾಬಾದಿನಲ್ಲಿ ನಿಂತಾಗ ಪೆಟ್ರೋಲ್ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಜುಹುವಿನಿಂದ ಆ ಟಪಾಲನ್ನು ಮುಂದಕ್ಕೆ ಒಯ್ದ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೂಲಕ ಮದ್ರಾಸು ಸೇರಿದರು. ತೊಂಬತ್ತು ವರ್ಷ ದಾಟಿದೆ. ಮುಂಬೈಯಿಂದ ಸಣ್ಣ ವಿಮಾನದಲ್ಲಿ ಊರಿನ ಕಡೆ ಹೊರಡುವವರು ಇವತ್ತಿಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ: ನಡುವೆ ಎಣ್ಣೆ ಎಲ್ಲಿ ಸಿಗುತ್ತದೆ?

ಈಚೆಗೆ ಖಾಸಗಿ ಪೈಲಟ್ ಲೈಸೆನ್ಸ್ ಪಡೆದ ಮುಂಬೈಯ ಕನ್ನಡದ ಹುಡುಗ ಹುಡುಗಿಯರು ಈ ಲೆಕ್ಕಾಚಾರದ ಬಗ್ಗೆ ಆಗಾಗ ಕೇಳುತ್ತಾರೆ. ಅವರಿಗಾಗಿ ಒಂದು ಹಾರಾಟವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ: ಸೆಸ್ನಾ 172 ವಿಮಾನ, ಜುಹುವಿನಿಂದ ಬೆಂಗಳೂರಿನ ಜಕ್ಕೂರಿಗೆ.

ಮೊದಲು ಕಾಗದದ ಮೇಲೆ

ನಕಾಶೆಯಲ್ಲಿ ನೇರ ಗೆರೆ ಎಳೆದರೆ ದೂರ ಸುಮಾರು 450 ನಾಟಿಕಲ್ ಮೈಲಿ, ಅಂದರೆ 840 ಕಿಲೋಮೀಟರಿನಷ್ಟು. ಮುಂಬೈಯ ಆಕಾಶದಲ್ಲಿ ಯಾರಿಗೂ ನೇರ ಗೆರೆ ಸಿಗುವುದಿಲ್ಲ, ಆದ್ದರಿಂದ 470 ಎಂದೇ ಹಿಡಿಯಿರಿ. ವೇಗ 110 ನಾಟ್ (ಅಂದರೆ ಗಂಟೆಗೆ 110 ನಾಟಿಕಲ್ ಮೈಲಿ), ಎಣ್ಣೆಯ ಖರ್ಚು ಗಂಟೆಗೆ 35 ಲೀಟರ್, ಏರುವಾಗಿನ ಹೆಚ್ಚುವರಿ ಖರ್ಚು 8 ಲೀಟರ್ ಎಂದುಕೊಳ್ಳೋಣ. ಗಾಳಿ ಇಲ್ಲದ ದಿನ ನಾಲ್ಕೂಕಾಲು ಗಂಟೆ, 158 ಲೀಟರ್. ಟ್ಯಾಂಕಿನಲ್ಲಿ ಬಳಸಬಹುದಾದದ್ದು 200 ಲೀಟರ್. ಎಲ್ಲೂ ನಿಲ್ಲದೆ ಹೋಗಿಬಿಡಬಹುದು ಅನ್ನಿಸುತ್ತದೆ.

ಈಗ 15 ನಾಟ್ ಎದುರುಗಾಳಿ ಸೇರಿಸಿ. ಹೆಚ್ಚುಕಡಿಮೆ ಐದು ಗಂಟೆ, 181 ಲೀಟರ್. ಬೆಂಗಳೂರು ತಲುಪುವ ಹೊತ್ತಿಗೆ ಉಳಿದದ್ದು ಅರ್ಧ ಗಂಟೆಯ ಎಣ್ಣೆ. ಅಲ್ಲಿ ರನ್‌ವೇ ಮೇಲೆ ಮಳೆಮೋಡ ಕೂತಿದ್ದರೆ? ನಿಮ್ಮ ವಿಮಾನದ ನಿಜವಾದ ಅಂಕಿಗಳನ್ನು ಅದರ ಕೈಪಿಡಿಯಿಂದಲೇ ತೆಗೆಯಿರಿ, ಆದರೆ ಲೆಕ್ಕವನ್ನು ಯಾವಾಗಲೂ ಕೆಟ್ಟ ಗಾಳಿಗೇ ಮಾಡಿ. ತಲುಪಿದಾಗ ಟ್ಯಾಂಕಿನಲ್ಲಿ ಒಂದು ಗಂಟೆಯ ಎಣ್ಣೆಯಾದರೂ ಇರಲಿ ಎಂಬುದು ನನ್ನ ಪದ್ಧತಿ. ನಿಯಮ ಅದಕ್ಕಿಂತ ಕಡಿಮೆ ಕೇಳುತ್ತದೆ, ನಾನು ಕೇಳುವುದು ಅಷ್ಟು.

ಜೋಡಿ ಊರು ಹುಡುಕಿ

ನಿಲುಗಡೆ ಎಂದರೆ ಹಾದಿಯ ಸರಿಯಾದ ನಡುವೆ ಇರುವ ಊರು ಎಂದು ಅನೇಕರು ತಿಳಿಯುತ್ತಾರೆ. ನಾನು ಹುಡುಕುವುದು ಪಕ್ಕದಲ್ಲಿ ಇನ್ನೊಂದು ರನ್‌ವೇ ಇರುವ ಊರನ್ನು. ಹುಬ್ಬಳ್ಳಿ ಜುಹುವಿನಿಂದ ನೇರ ಗೆರೆಯಲ್ಲಿ ಸುಮಾರು 258 ನಾಟಿಕಲ್ ಮೈಲಿ, ಎದುರುಗಾಳಿಯಲ್ಲೂ ಮೂರು ಗಂಟೆಯೊಳಗಿನ ದಾರಿ. ಅಲ್ಲಿ ಇಳಿಯಲಾಗದಿದ್ದರೆ ಬೆಳಗಾವಿಯ ಸಾಂಬ್ರಾ 40 ನಾಟಿಕಲ್ ಮೈಲಿಯಲ್ಲಿದೆ, ಅರ್ಧ ಗಂಟೆಯೂ ಬೇಡ. ಅದಕ್ಕೂ ಮೊದಲು, ಹಾದಿಯಲ್ಲೇ, ಕೊಲ್ಹಾಪುರ. ಮೂರು ರನ್‌ವೇಗಳು ಒಂದರ ಹಿಂದೊಂದು ಸಿಗುವ ಹಾದಿ ಇದು. ಸಮುದ್ರ ನೋಡುತ್ತಾ ಗೋವಾ, ಮಂಗಳೂರು ಕಡೆಯಿಂದ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಗೋವಾದ ದಾಬೋಲಿಂ ನೌಕಾಪಡೆಯ ನೆಲೆ, ಪುಣೆಯ ಲೋಹಗಾಂವ್ ವಾಯುಪಡೆಯದು. ಅಲ್ಲಿ ಅನುಮತಿ ಸಿಕ್ಕಿದ ಮೇಲೆ ಮಾತ್ರ ಯೋಜನೆ ಮಾಡಿ. ಗೋವಾದ ಮೋಪಾ 2023ರ ಜನವರಿಯಿಂದ ನಡೆಯುತ್ತಿರುವ ನಾಗರಿಕ ನಿಲ್ದಾಣ, ಆದರೂ ಮುಂಚಿತವಾಗಿ ಮಾತಾಡಿಯೇ ಹೋಗಬೇಕು.

ಎಣ್ಣೆಯನ್ನು ಹೆಸರು ಹಿಡಿದು ಕೇಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಕಲಿತದ್ದು ಇಲ್ಲೇ.

ನನ್ನ ಮೊದಲ ದೂರದ ಹಾರಾಟಕ್ಕೆ ಹಿಂದಿನ ದಿನ ಒಂದು ನಿಲ್ದಾಣಕ್ಕೆ ಫೋನ್ ಮಾಡಿದ್ದೆ. "ಸರ್, ಫ್ಯೂಯೆಲ್ ಸಿಗುತ್ತಾ?" "ಸಿಗುತ್ತೆ ಸರ್, ಬನ್ನಿ." ಇಳಿದು ನಿಂತೆ. ಟ್ಯಾಂಕರ್ ಬಂತು, ಅದರ ಮೈಮೇಲೆ ಜೆಟ್ ಎ-1 ಎಂದು ಬರೆದಿತ್ತು. ಅದು ದೊಡ್ಡ ವಿಮಾನಗಳ ಸೀಮೆಎಣ್ಣೆ ಜಾತಿಯ ಇಂಧನ. ನನ್ನ ಸೆಸ್ನಾಕ್ಕೆ ಬೇಕಾದದ್ದು ಪೆಟ್ರೋಲ್ ಜಾತಿಯ ಆವ್‌ಗ್ಯಾಸ್ 100 ಎಲ್‌ಎಲ್. ಫೋನಿನಲ್ಲಿ ಅವರು ಹೇಳಿದ್ದು ಸುಳ್ಳಲ್ಲ, ನಾನು ಕೇಳಿದ್ದೇ ಅರ್ಧ. ಬೇರೆ ಊರಿನಿಂದ ರಸ್ತೆಯಲ್ಲಿ ಡ್ರಮ್ಮು ಬರುವವರೆಗೆ ಎರಡು ರಾತ್ರಿ ಅಲ್ಲೇ ಉಳಿದೆ.

ನಮ್ಮ ದೇಶದಲ್ಲಿ ಆವ್‌ಗ್ಯಾಸ್ ಬಹುಕಾಲ ಹೊರಗಿನಿಂದಲೇ ಬರುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ತನ್ನ ವಡೋದರಾದ ರಿಫೈನರಿಯಲ್ಲಿ ಅದನ್ನು ತಯಾರಿಸಲು ಶುರುಮಾಡಿತು. ಆದರೂ ಪ್ರಯಾಣಿಕರ ವಿಮಾನಗಳು ಬರುವ ನಿಲ್ದಾಣಗಳಲ್ಲೆಲ್ಲ ಅದು ಇರುವುದಿಲ್ಲ. ಹಾರಾಟ ತರಬೇತಿ ಶಾಲೆ ಇರುವ ಕಡೆ ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಫೋನಿನಲ್ಲಿ ಹೀಗೆ ಕೇಳಿ: ಆವ್‌ಗ್ಯಾಸ್ 100 ಎಲ್‌ಎಲ್ ಇದೆಯೇ, ಈ ದಿನ ಎಷ್ಟು ಲೀಟರ್ ಕೊಡಬಲ್ಲಿರಿ, ಟ್ಯಾಂಕರಿನಿಂದಲೋ ಡ್ರಮ್ಮಿನಿಂದಲೋ, ಭಾನುವಾರ ಯಾರು ಇರುತ್ತಾರೆ, ಹಣ ಹೇಗೆ ಕೊಡಬೇಕು. ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ, ಹಿಂದಿನ ಸಂಜೆ ಮತ್ತೊಮ್ಮೆ ಅವರಿಗೇ ಫೋನ್ ಮಾಡಿ. ಹುಬ್ಬಳ್ಳಿಯಲ್ಲಿ ಇಳಿದಾಗ ಟ್ಯಾಂಕಿನಲ್ಲಿ 90 ಲೀಟರ್ ಇದ್ದರೂ ಅದೇ ಗಾಳಿಯಲ್ಲಿ ಜಕ್ಕೂರಿನವರೆಗಿನ 200 ನಾಟಿಕಲ್ ಮೈಲಿಗೆ 80ಕ್ಕೂ ಹೆಚ್ಚು ಬೇಕು. ಖಚಿತವಾದ ಉತ್ತರ ಸಿಗದಿದ್ದರೆ ನಿಲುಗಡೆ ಬದಲಿಸಿ, ಇಲ್ಲವೇ ದಿನ ಬದಲಿಸಿ.

ಘಟ್ಟ ಮತ್ತು ಬಿಸಿಲು

ಜುಹು ಸಮುದ್ರಮಟ್ಟದಲ್ಲಿದೆ, ಹೊರಟ ಸ್ವಲ್ಪ ಹೊತ್ತಿಗೇ ಸಹ್ಯಾದ್ರಿ ಎದುರಾಗುತ್ತದೆ. ಮಹಾಬಲೇಶ್ವರದ ಕಡೆ ಗುಡ್ಡಗಳು 4,700 ಅಡಿ ಮುಟ್ಟುತ್ತವೆ. ಅವುಗಳ ಮೇಲೆ ಎರಡು ಸಾವಿರ ಅಡಿಯಾದರೂ ಅಂತರ ಬೇಕು, ಆದ್ದರಿಂದ ನಾನು 7,500 ಅಡಿ ಕೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನೆತ್ತಿ ಮೋಡದಲ್ಲೇ ಮುಚ್ಚಿರುತ್ತದೆ. ಕಣ್ಣಿನ ಭರವಸೆಯ ಮೇಲೆ ಹಾರುವವರು ಆ ತಿಂಗಳುಗಳಲ್ಲಿ ಈ ಹಾದಿ ಹಿಡಿಯಬಾರದು. ಏಪ್ರಿಲ್, ಮೇನಲ್ಲಿ ಬೆಳಗಾವಿ ಸೀಮೆಯ ಅಡ್ಡಮಳೆ ಮಧ್ಯಾಹ್ನದ ನಂತರ ಗುಡುಗುತ್ತಾ ಬರುತ್ತದೆ, ಅಷ್ಟರೊಳಗೆ ನೀವು ನೆಲದ ಮೇಲಿರಬೇಕು.

ಬಯಲುಸೀಮೆಯ ನಿಲ್ದಾಣಗಳು ಎತ್ತರದಲ್ಲಿವೆ ಎಂಬುದು ಮುಂಬೈಯವರಿಗೆ ಮರೆತುಹೋಗುತ್ತದೆ. ಸಾಂಬ್ರಾ ಸುಮಾರು 2,500 ಅಡಿ. 35 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ 5,500 ಅಡಿಯ ಗಾಳಿಯಷ್ಟು ತೆಳ್ಳಗಿರುತ್ತದೆ. ಜುಹುವಿನಲ್ಲಿ ಹಗುರವಾಗಿ ಏರಿದ ವಿಮಾನ ಇಲ್ಲಿ ರನ್‌ವೇಯನ್ನು ಬಹಳ ನುಂಗುತ್ತದೆ. ನಾಲ್ಕು ಸೀಟಿದೆ ಎಂದು ನಾಲ್ವರು ದೊಡ್ಡವರನ್ನು ಕೂರಿಸಿ ಟ್ಯಾಂಕನ್ನೂ ತುಂಬಿಸಲಾಗದು. ತುಂಬಿದ ಎಣ್ಣೆಯೇ 144 ಕಿಲೋ. ನಿಲುಗಡೆಯಲ್ಲಿ ಎಷ್ಟು ತುಂಬಿಸಬೇಕು ಎನ್ನುವುದನ್ನೂ ಈ ಲೆಕ್ಕವೇ ಹೇಳುತ್ತದೆ.

ಕಾಗದಪತ್ರ, ಗಡಿಯಾರ

ನಿಲುಗಡೆಯ ಹಿಂದಿನ, ಮುಂದಿನ ಪ್ರತಿ ಹಾರಾಟಕ್ಕೂ ಬೇರೆ ಫ್ಲೈಟ್ ಪ್ಲಾನ್, ಬೇರೆ ಎಡಿಸಿ ಮತ್ತು ಎಫ್‌ಐಸಿ ನಂಬರ್. ಎಡಿಸಿ ಎಂದರೆ ವಾಯುರಕ್ಷಣೆಯವರ ಒಪ್ಪಿಗೆ, ಅದಿಲ್ಲದೆ ಹೊರಡುವಂತಿಲ್ಲ; ಎಫ್‌ಐಸಿ ನಂಬರ್ ಕೊಡುವುದು ಹಾರಾಟ ಮಾಹಿತಿ ಕೇಂದ್ರ. ಪ್ಲಾನಿನಲ್ಲಿ ಸಮಯ ಬರೆಯುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ: ನಮ್ಮ ಬೆಳಗಿನ ಏಳೂವರೆ ಅಲ್ಲಿ ಎರಡು ಗಂಟೆ. ಹೊರಡುವ ಬೆಳಿಗ್ಗೆ ನೋಟಮ್, ಅಂದರೆ ಪೈಲಟ್‌ಗಳಿಗಾಗಿ ಹೊರಡಿಸುವ ಸೂಚನೆಗಳನ್ನು, ಮತ್ತೆ ಓದಿ, ರನ್‌ವೇ ದುರಸ್ತಿಯ ಸುದ್ದಿ ಅಲ್ಲೇ ಇರುತ್ತದೆ.

ಡಿಸೆಂಬರಿನಲ್ಲಿ ಮುಂಬೈಯಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಬೆಂಗಳೂರಿನಲ್ಲಿ ಮುಳುಗುವುದು ಆರರ ಸುಮಾರಿಗೆ. ಸಿಗುವ ಹನ್ನೊಂದು ಗಂಟೆಯಲ್ಲಿ ಬೆಳಗಿನ ಮಂಜು ಒಂದೆರಡನ್ನು ತಿನ್ನಬಹುದು. ನಿಲುಗಡೆಗೆ ಒಂದೂವರೆ ಗಂಟೆ ಇಡಿ. ಮೂರು ಗಂಟೆ ಕೂತ ಮೈಗೆ ನೀರು, ಊಟ, ಶೌಚ, ಹತ್ತು ನಿಮಿಷದ ನಡಿಗೆ ಬೇಕು. ಊಟದ ಡಬ್ಬಿ ಮನೆಯಿಂದಲೇ ಕಟ್ಟಿಕೊಳ್ಳಿ, ಸಣ್ಣ ನಿಲ್ದಾಣದ ಕ್ಯಾಂಟೀನನ್ನು ನಂಬಿ ಹೋಗಬೇಡಿ.

ಇಳಿದ ಮೇಲೆ

ಎಣ್ಣೆ ತುಂಬುವಾಗ ಊಟಕ್ಕೆ ಹೋಗದೆ ರೆಕ್ಕೆಯ ಪಕ್ಕ ನೀವೇ ನಿಲ್ಲಿ. ಟ್ಯಾಂಕರ್ ಅಥವಾ ಡ್ರಮ್ಮಿನ ಮೇಲಿನ ಹೆಸರು ಓದಿ, ರಸೀದಿಯ ಮೇಲಿನದನ್ನೂ ಓದಿ. ತುಂಬಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಎರಡೂ ರೆಕ್ಕೆಯ ಅಡಿಯಿಂದ ಪಾರದರ್ಶಕ ಲೋಟಕ್ಕೆ ಎಣ್ಣೆ ಬಸಿದು ಬೆಳಕಿಗೆ ಹಿಡಿಯಿರಿ. ನೀರಿದ್ದರೆ ಗುಳ್ಳೆಯಾಗಿ ತಳದಲ್ಲಿ ಕೂರುತ್ತದೆ. ಅದು ಹೋಗುವವರೆಗೆ ಬಸಿಯಿರಿ. ಆವ್‌ಗ್ಯಾಸ್ 100 ಎಲ್‌ಎಲ್ ತಿಳಿನೀಲಿ. ಲೋಟದಲ್ಲಿ ಆ ನೀಲಿ ಕಾಣದಿದ್ದರೆ, ಅಥವಾ ಸೀಮೆಎಣ್ಣೆಯ ವಾಸನೆ ಬಂದರೆ, ಎಂಜಿನ್ ಮುಟ್ಟಬೇಡಿ, ಇಂಜಿನಿಯರನ್ನು ಕರೆಯಿರಿ.