ಕಾರಿಗೆ ಎಕ್ಸ್‌ಟ್ರಾ ಸಾಮಾನು ಜೋಡಿಸುವಾಗ ನಾನು ಹಾಕಿದ ಆಂಪಿಯರ್ ಲೆಕ್ಕ

ಪುಣೆಯಲ್ಲಿ ಕಾರಿಗೆ ಏನಾದರೂ ಎಕ್ಸ್‌ಟ್ರಾ ಹಾಕಿಸಬೇಕು ಅಂದರೆ ಜನ ಹೋಗುವುದು ನಾನಾ ಪೇಟೆಗೆ. ಅಲ್ಲಿ ನಾನು ಫಾಗ್ ಲ್ಯಾಂಪ್ ಕೇಳಿದರೂ, ಇನ್ವರ್ಟರ್ ಕೇಳಿದರೂ ಸಿಕ್ಕಿದ್ದು ಒಂದೇ ಸಲಹೆ: "ಮೋಠೀ ಬ್ಯಾಟರಿ ಟಾಕಾ, ಸಾಹೇಬ್." ದೊಡ್ಡ ಬ್ಯಾಟರಿ ಹಾಕಿ ಅಂತ. ಈ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗಿಸುವ ಸಣ್ಣ ಜನರೇಟರ್. ನಲ್ಲಿಯಲ್ಲಿ ನೀರೇ ಸಣ್ಣಗೆ ಬರ್ತಿದ್ದರೆ ಕೊಡಪಾನ ಎಷ್ಟು ದೊಡ್ಡದಿದ್ದರೇನು, ಅಲ್ವಾ?

ನನಗೆ ಬೇಕಾಗಿದ್ದು ಇಷ್ಟು. ಹುಬ್ಬಳ್ಳಿಗೆ ಹೋಗುವಾಗ ಅಪ್ಪನ ಇನ್ಸುಲಿನ್‌ಗೆ ಒಂದು ಸಣ್ಣ ಫ್ರಿಜ್, ಲ್ಯಾಪ್‌ಟಾಪ್ ಚಾರ್ಜಿಂಗ್, ಡ್ಯಾಶ್‌ಕ್ಯಾಮ್, ಖಂಬಾಟ್ಕಿ ಘಾಟಿನ ಮಳೆಗೆ ಫಾಗ್ ಲ್ಯಾಂಪ್, ಟೈರಿಗೆ ಗಾಳಿ ಪಂಪು.

ಮೊದಲು ಕಾರಿನ ಸ್ವಂತ ಖರ್ಚು ಅಳೆದೆ. ಇದಕ್ಕೆ ಕ್ಲ್ಯಾಂಪ್ ಮೀಟರ್ ಬೇಕು, ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಕರೆಂಟ್ ಅಳೆಯುವಂಥದ್ದು. ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತದೆ, ಆದರೆ ಅಗ್ಗದ ಮೀಟರ್‌ಗಳಲ್ಲಿ ಹೆಚ್ಚಿನವು ಮನೆಗೆ ಬರುವ ಎಸಿ ಕರೆಂಟ್ ಮಾತ್ರ ಅಳೆಯುವಂಥವು, ಕಾರಿನದ್ದು ಡಿಸಿ. ಡಿಸಿ ಆಂಪಿಯರ್ ತೋರಿಸುತ್ತದಾ ಅಂತ ಕೇಳಿಯೇ ತಗೊಳ್ಳಿ. ಹೆಡ್‌ಲೈಟ್ 55 ವ್ಯಾಟ್‌ನ ಎರಡು ಬಲ್ಬು, ಅಂದರೆ 8 ಆಂಪಿಯರ್. ಎಸಿ ಬ್ಲೋವರ್, ರೇಡಿಯೇಟರ್ ಫ್ಯಾನ್, ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್ ಒಂದೊಂದೂ 10ರ ಆಸುಪಾಸು. ಅದರ ಮೇಲೆ ವೈಪರ್, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು, ಎಂಜಿನ್ನಿನ ಕಂಪ್ಯೂಟರ್. ಎಲ್ಲ ಒಟ್ಟಿಗೆ ಓಡುವಾಗ 40 ದಾಟುತ್ತದೆ.

ನನ್ನ ಆಲ್ಟರ್ನೇಟರ್ ಮೇಲೆ 75 ಆಂಪಿಯರ್ ಅಂತ ಬರೆದಿದೆ. ಹಾಗಾದರೆ ಬೇಕಾದಷ್ಟು ಉಳೀತಲ್ಲ ಅನ್ನಿಸುತ್ತದೆ. ಆದರೆ ಆ 75 ಎಂಜಿನ್ ಜೋರಾಗಿ ತಿರುಗುವಾಗಿನ ಲೆಕ್ಕ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನ ತಿರುಗುವಾಗ, ಸುಮಾರು ಅರ್ಧ ಸಿಕ್ಕರೆ ದೊಡ್ಡದು. ಜುಲೈ ತಿಂಗಳ ಸಂಜೆ, ಹಿಂಜವಡಿಯಿಂದ ವಾಕಡ್ ಕಡೆ ಮಳೆಯಲ್ಲಿ ಇರುವೆ ಸಾಲಿನ ಥರ ಹೋಗುವಾಗ ಹೆಡ್‌ಲೈಟು, ವೈಪರು, ಎಸಿ, ಡಿಫಾಗರು ಎಲ್ಲಾ ಆನ್ ಇರುತ್ತದೆ, ಎಂಜಿನ್ ಮಾತ್ರ ಐಡ್ಲಿಂಗ್. ಆಗ ಏನೂ ಜೋಡಿಸದೆಯೇ ಲೆಕ್ಕ ಮೈನಸ್ಸಿನಲ್ಲಿದೆ. ಕಾರಿನ ತಾಕತ್ತು ನೋಡಬೇಕಾದ್ದು ಇಲ್ಲಿ, ಹೈವೇಯಲ್ಲಿ ಅಲ್ಲ.

ಅದೇ ಸ್ಥಿತಿಯಲ್ಲಿ ಬ್ಯಾಟರಿ ಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿ. ಚಾರ್ಜ್ ಆಗುತ್ತಿದ್ದರೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್. 12.7ಕ್ಕೆ ಇಳಿದು ಅಲ್ಲೇ ನಿಂತರೆ ಬ್ಯಾಟರಿ ಖಾಲಿಯಾಗುತ್ತಿದೆ ಅಂತ ತಿಳಿಯಿರಿ. ಈಗಿನ ಕೆಲವು ಕಾರುಗಳಲ್ಲಿ ಡೀಸೆಲ್, ಪೆಟ್ರೋಲ್ ಉಳಿಸಲು ಕಂಪ್ಯೂಟರೇ ಬೇಕಂತ ವೋಲ್ಟೇಜ್ ಇಳಿಸುತ್ತದೆ. ಅಂಥ ಕಾರಿನಲ್ಲಿ ವೋಲ್ಟ್ ನಂಬಬೇಡಿ. ಬ್ಯಾಟರಿ ಕೇಬಲ್‌ಗೆ ಕ್ಲ್ಯಾಂಪ್ ಹಾಕಿ ಕರೆಂಟ್ ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ನೋಡಿ. ಅದು ಸುಳ್ಳು ಹೇಳುವುದಿಲ್ಲ.

ಇಷ್ಟಾದ ಮೇಲೆ ಕತ್ತರಿ ಆಡಿಸಿದೆ. ಹ್ಯಾಲೊಜನ್ ಫಾಗ್ ಲ್ಯಾಂಪ್ ಬೇಡ, ಜೋಡಿಗೆ 3 ಆಂಪಿಯರ್ ಎಳೆಯುವ ಎಲ್‌ಇಡಿ ಸಾಕು. ಇನ್ವರ್ಟರೂ ಬೇಡ. 12 ವೋಲ್ಟನ್ನು 230 ಮಾಡಿ, ಲ್ಯಾಪ್‌ಟಾಪ್ ಅಡಾಪ್ಟರಿನಲ್ಲಿ ಮತ್ತೆ 20ಕ್ಕೆ ಇಳಿಸುವುದು ಸುಮ್ನೆ ದಂಡ. 65 ವ್ಯಾಟ್‌ನ ಸಿ ಟೈಪ್ ಕಾರ್ ಚಾರ್ಜರ್ ಅದೇ ಕೆಲಸ ಮಾಡುತ್ತದೆ.

ಫ್ರಿಜ್ 4-5 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬ್ಯಾಟರಿಯಿಂದ ನೇರ ಬೇರೆ ಲೈನ್, ಮಧ್ಯೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಅದರ ಕಾಲುಗಳ ಮೇಲೆ ನಂಬರ್ ಇರುತ್ತದೆ. ರಿಲೇಯ 30 ಬ್ಯಾಟರಿಗೆ, 87 ಫ್ರಿಜ್‌ಗೆ, 86 ಇಗ್ನಿಷನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ, 85 ಬಾಡಿ ಅರ್ಥಿಂಗ್‌ಗೆ. ಈ 86ರ ತಂತಿಯಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸಣ್ಣ ಸ್ವಿಚ್ ಇಟ್ಟಿದ್ದೇನೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಫ್ರಿಜ್‌ಗೆ ಲೋಡ್ ಶೆಡ್ಡಿಂಗ್! ಅರ್ಧ ಗಂಟೆಯಲ್ಲಿ ಒಳಗಿನ ತಂಪು ಎಲ್ಲೂ ಹೋಗುವುದಿಲ್ಲ.

ಅಂಗಡಿಯವರು ಜಿಪುಣತನ ಮಾಡುವುದು ತಂತಿಯಲ್ಲಿ. ಗಾಳಿ ಪಂಪಿಗೂ ಹಿಂದೆ ಒಂದು ಸಾಕೆಟ್ ಬೇಕಿತ್ತು, 4 ಮೀಟರ್ ದೂರ, 10 ಆಂಪಿಯರ್. 1 ಸ್ಕ್ವೇರ್ ಎಂಎಂ ತಂತಿ ಎಳೆದರೆ ದಾರಿಯಲ್ಲೇ 0.7 ವೋಲ್ಟ್ ಕಳೆದುಹೋಗುತ್ತದೆ, 2.5 ಎಳೆದರೆ 0.3 ಕೂಡ ಇಲ್ಲ. ಮನೆಯ 230 ವೋಲ್ಟಿನಲ್ಲಿ 0.7 ಲೆಕ್ಕಕ್ಕಿಲ್ಲ, 12 ವೋಲ್ಟಿನಲ್ಲಿ ಅದು ದೊಡ್ಡದು. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಿದೆ. ಫ್ಯೂಸ್ ಇರುವುದು ತಂತಿಯನ್ನು ಕಾಯಲಿಕ್ಕೆ. ಸಾಮಾನಿನ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿವರೆಗಿನ ತಂತಿಗೆ ಕಾವಲೇ ಇರುವುದಿಲ್ಲ, ಉಜ್ಜಿ ಬಾಡಿಗೆ ತಾಗಿತು ಅಂದರೆ ಬೆಂಕಿ. ಅರ್ಥಿಂಗ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಬೋಲ್ಟ್ ಬಿಗಿಯಿರಿ. ಕಂಪನಿ ವೈರಿಂಗ್ ಮಾತ್ರ ಎಲ್ಲೂ ಕತ್ತರಿಸಬೇಡಿ, ವಾರಂಟಿ ತಕರಾರು ಶುರುವಾಗುತ್ತದೆ. 86ಕ್ಕೂ ನಾನು ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಕೂರಿಸಿ ಇನ್ನೊಂದು ಲೈನ್ ತೆಗೆಯುವ ಸಾಮಾನು) ಹಾಕಿಯೇ ಕರೆಂಟ್ ತಗೊಂಡಿದ್ದು.

ಉಳಿದದ್ದು ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡ್‌ನಲ್ಲಿ, ಅಂದರೆ ಕಾರು ನಿಲ್ಲಿಸಿದ ಮೇಲೂ ಕಾವಲು ಕಾಯುವಾಗ, ಕಾಲು ಆಂಪಿಯರ್ ತಿಂದರೂ ದಿನಕ್ಕೆ 6 ಆಂಪಿಯರ್-ಅವರ್. ನನ್ನ ಬ್ಯಾಟರಿ 35ರದ್ದು, ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಗಣೇಶ ಚೌತಿಗೆ ಕಾರು ಇಲ್ಲೇ ಬಿಟ್ಟು ರೈಲಿನಲ್ಲಿ ಊರಿಗೆ ಹೋದರೆ ಮೂರು ದಿನಕ್ಕೆ ಅದರ ಕಥೆ ಮುಗೀತು. 12.2 ವೋಲ್ಟಿಗೆ ತಾನೇ ಆಫ್ ಆಗುವ ಹಾರ್ಡ್‌ವೈರ್ ಕಿಟ್ ಹಾಕಿದ್ದೇನೆ, ಊರಿಗೆ ಹೋಗುವಾಗ ಅದರ ಫ್ಯೂಸನ್ನೇ ಕಿತ್ತಿಡುತ್ತೇನೆ.

ಎಲ್ಲಾ ಜೋಡಿಸಿದ ಮೇಲೆ ಒಂದು ಗಂಟೆ ಓಡಿಸಿ, ಬಾನೆಟ್ ತೆಗೆದು ಫ್ಯೂಸ್ ಹೋಲ್ಡರನ್ನೂ ಜಾಯಿಂಟ್‌ಗಳನ್ನೂ ಕೈಯಿಂದ ಮುಟ್ಟಿ ನೋಡಿ. ಅಕ್ಕಪಕ್ಕದ್ದಕ್ಕಿಂತ ಯಾವುದು ಜಾಸ್ತಿ ಬಿಸಿ ಇದೆಯೋ ಅದರ ಕ್ರಿಂಪ್ (ತಂತಿಯ ತುದಿಗೆ ಒತ್ತಿ ಕೂರಿಸಿದ ಟರ್ಮಿನಲ್) ಸರಿಯಾಗಿ ಕೂತಿಲ್ಲ, ಬಿಚ್ಚಿ ಮತ್ತೆ ಮಾಡಿ.