ಪೋಡಿಗೆ ಸಿರಿಂಜು ಒಯ್ಯುವ ಮುನ್ನ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯ ತಪಾಸಣೆಗೆಂದು ಅಲೆದ ನರ್ಸು ನಾನು. ಕ್ಯಾನ್ಸರಿನ ವಂಶವಾಹಿ ಅಧ್ಯಯನಕ್ಕೆ ಹೊರಟ ಹುಡುಗ ಹುಡುಗಿಯರು, ಈ ಜನರನ್ನು ಮಾತಾಡಿಸುವುದು ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಬೆಟ್ಟದ ರಂಗನಾಥನನ್ನೇ ಭಾವ ಎಂದು ಕರೆಯುವವರನ್ನು ಮಾತಾಡಿಸುವುದು ಕಷ್ಟವೇ? ಕಷ್ಟವಿರುವುದು ಫಲಿತಾಂಶ ಹಿಡಿದು ಎರಡನೆಯ ಸಲ ಹೋಗುವುದರಲ್ಲಿ.

ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಿ. ಜೇನಿನ ಕಾಲ, ಕಾಫಿ ಕೊಯ್ಲಿನ ಕಾಲ ಬೇಡ. ಪೋಡಿನ ಯಜಮಾನರ ಜೊತೆ ಕುಳಿತು ವಿಷಯ ತಿಳಿಸಿ. ಆದರೆ ಅವರು ಹೂಂ ಎಂದರೆ ಪೋಡೆಲ್ಲ ಒಪ್ಪಿದಂತಲ್ಲ. ಪ್ರತಿಯೊಬ್ಬರ ಒಪ್ಪಿಗೆಯನ್ನೂ ಬೇರೆಯಾಗಿ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಹೇಳುತ್ತದೆ.

ವಂಶವೃಕ್ಷ ಬರೆಯಲು ಅಜ್ಜಿಯರನ್ನು ಹಿಡಿಯಿರಿ. ಒಂದೇ ಕುಲದೊಳಗೆ ಮದುವೆಯಿಲ್ಲದ ಕಾರಣ ಯಾರು ಯಾವ ಕುಲದವರೆಂಬ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ನಾನು ನೆಲದ ಮೇಲೆ ಹುಣಸೆ ಬೀಜ ಇಟ್ಟು ಕೇಳುತ್ತಿದ್ದೆ: ಬೀಜಕ್ಕೊಬ್ಬರು, ಸಾಲಿಗೊಂದು ತಲೆಮಾರು. ಚಿಕ್ಕಮ್ಮ ಎಂದೊಡನೆ ಗೆರೆ ಎಳೆಯಬೇಡಿ. ತಾಯಿಯ ತಂಗಿಯೂ ಚಿಕ್ಕಮ್ಮನೇ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮನೇ. ಮೊದಲನೆಯವಳದು ರಕ್ತಸಂಬಂಧ, ಎರಡನೆಯವಳದು ಮದುವೆಯಿಂದ ಬಂದದ್ದು. ಸೋದರಮಾವನೇ ಹೆಣ್ಣು ಕೊಟ್ಟ ಮಾವನೂ ಆಗಿದ್ದರೆ ಗೆರೆ ಎರಡು ಕಡೆಯಿಂದ ಬರುತ್ತದೆ. ಕುಲ ಬರುವುದು ತಂದೆಯಿಂದ, ಆದರೆ ಬಿಆರ್‌ಸಿಎ1 ಎಂಬ ವಂಶವಾಹಿಯ ದೋಷ (ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವಂಥದ್ದು) ತಾಯಿಯಿಂದಲೂ ಬರಬಹುದು. ಹಾಗಾಗಿ ತಾಯಿಯ ತವರನ್ನು ಬಿಡಬೇಡಿ. ಸತ್ತವರ ವಿಷಯದಲ್ಲಿ ಕ್ಯಾನ್ಸರ್ ಎಂಬ ಮಾತು ಹುಡುಕಬೇಡಿ. "ಎದೆಯಲ್ಲಿ ಗೆಡ್ಡೆ ಇತ್ತು", "ಬಾಯಿಯ ಹುಣ್ಣು ಮಾಯಲೇ ಇಲ್ಲ" ಎಂಬ ಮಾತುಗಳಿಗೆ ಕಿವಿಗೊಡಿ.

ತಂದೆಯಲ್ಲೋ ತಾಯಿಯಲ್ಲೋ ಅಂಥ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದ ಮಾತ್ರಕ್ಕೆ ಕ್ಯಾನ್ಸರ್ ಬಂದೇ ಬರುತ್ತದೆಂದಲ್ಲ. ಇಷ್ಟನ್ನು ನಿಧಾನವಾಗಿ ಹೇಳಿದರೆ ಸಾಕು.

ರಕ್ತ ಯಾವುದಕ್ಕೆ, ಎಷ್ಟು ವರ್ಷ, ಎಲ್ಲಿರುತ್ತದೆ ಎಂಬುದನ್ನು ಓದಿ ಹೇಳಿ. ಬೇರೆ ಪರೀಕ್ಷೆಗೆ ಬಳಸುವುದಾದರೆ ಮತ್ತೆ ಬಂದು ಕೇಳಿ. ಅಮೆರಿಕದ ಅರಿಜೋನಾದಲ್ಲಿ ಹವಸುಪಾಯಿ ಎಂಬ ಮೂಲನಿವಾಸಿ ಜನ 1990ರ ದಶಕದಲ್ಲಿ ಮಧುಮೇಹದ ಅಧ್ಯಯನಕ್ಕೆಂದು ನಂಬಿ ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಅಧ್ಯಯನಕ್ಕೂ ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರೆಂದು ತಿಳಿಯುವುದಕ್ಕೂ ಬಳಸಲಾಯಿತು. ಅಧ್ಯಯನ ನಡೆಸಿದ್ದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 2010ರಲ್ಲಿ 7 ಲಕ್ಷ ಡಾಲರ್ ಕೊಟ್ಟು, ರಕ್ತವನ್ನೂ ಹಿಂದಿರುಗಿಸಿ ರಾಜಿ ಮಾಡಿಕೊಂಡಿತು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಕುಟುಂಬವೊಂದರ ಕಥೆ ಬೇರೆ. ಹೊಟ್ಟೆಯ ಕ್ಯಾನ್ಸರಿಗೆ ಎಳೆಯರನ್ನೂ ಕಳೆದುಕೊಳ್ಳುತ್ತಿದ್ದ ಅವರೇ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಬಳಿ ಹೋದರು. 1998ರಲ್ಲಿ ಸಿಡಿಎಚ್1 ವಂಶವಾಹಿಯ ದೋಷ ಪತ್ತೆಯಾದಾಗ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಆ ಕುಟುಂಬದವರ ಹೆಸರೂ ಇತ್ತು. ನಿಮ್ಮ ಪ್ರಬಂಧದಲ್ಲಿ ಆ ಅಜ್ಜಿಯರ ಹೆಸರಿಗೆ ಜಾಗವಿದೆಯೇ?

ಫಲಿತಾಂಶವನ್ನು ಒಬ್ಬೊಬ್ಬರಿಗೇ, ಮನೆಯೊಳಗೆ ಹೇಳಿ; ತಿಳಿಯುವುದು ಬೇಡ ಎಂದವರಿಗೆ ಹೇಳಬೇಡಿ. ಒಮ್ಮೆ ನಾನು ಅವಸರದಲ್ಲಿ ಅಂಗಳದಲ್ಲೇ ನಿಂತು ಸಿಕಲ್ ಸೆಲ್ ಚೀಟಿ ಓದಿಬಿಟ್ಟೆ. ತಿಂಗಳೊಳಗೆ ಆ ಹುಡುಗಿಗೆ ಗೊತ್ತಾಗಿದ್ದ ಮದುವೆ ಸಂಬಂಧ ಮುರಿಯಿತು. ತಪ್ಪು ನನ್ನದೇ. ಆಮೇಲೆ ಆ ಮನೆಯಲ್ಲಿ ನನಗೆ ಚಹಾ ಸಿಗಲಿಲ್ಲ.

ಇನ್ನು ಖರ್ಚಿನ ವಿಷಯ. ಅಜ್ಜಿಯೊಬ್ಬರು ನನ್ನನ್ನು ಕೇಳಿದ್ದರು: "ರಕ್ತ ಕೊಡುತ್ತೇನವ್ವ. ಕಾಯಿಲೆ ಸಿಕ್ಕಿದರೆ ಬೆಂಗಳೂರಿಗೆ ನನ್ನ ಜೊತೆ ಯಾರು ಬರುತ್ತಾರೆ?" ಯೋಜನೆಯ ಬಜೆಟ್ ಬರೆಯುವಾಗಲೇ ಅದಕ್ಕೊಂದು ಸಾಲು ಇರಲಿ: ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಇಬ್ಬರ ಬಸ್ ಖರ್ಚು, ಊಟ, ಉಳಿಯಲು ಜಾಗ, ಇಬ್ಬರ ತಪ್ಪಿದ ಕೂಲಿ.